ನೆರಿ ಬಂದಾಗ ಹೋಗೋ ಮೆಡಿಕಲ್ ತಂಡ ಸೇರಿ 4 ವರ್ಷ ಆತು, ನನ್ನ ರಿವ್ಯೂ

ನಾ ಗದಗಿನಾವ. ಬೆಟಗೇರಿ ಕಡೆ ಒಂದು ಮೆಡಿಕಲ್ ಶಾಪ್‌ನ್ಯಾಗ ಫಾರ್ಮಸಿಸ್ಟ್ ಅಂತ ಕೆಲಸ ಮಾಡ್ತೇನಿ, 16 ವರ್ಷ ಆತು. ಹುಬ್ಬಳ್ಳಿ-ಧಾರವಾಡದ ಡಾಕ್ಟ್ರು, ಸಿಸ್ಟರ್‌ಗೋಳು, ಲ್ಯಾಬಿನವರು, ನಮ್ಮಂಥ ಗುಳಿಗಿ ಕೊಡಾವ್ರು ಎಲ್ಲಾ ಕೂಡಿ ಕಟ್ಟಿಕೊಂಡಿರೋ ಒಂದು ಸ್ವಯಂಸೇವಾ ತಂಡ ಐತಿ, ನೆರಿ ಬಂದ್ರ, ಕಟ್ಟಡ ಬಿದ್ರ, ಗುಡ್ಡ ಕುಸಿದ್ರ ಜಿಲ್ಲಾಡಳಿತದವ್ರು ಕರದಾಗ ಹೋಗೋ ತಂಡ. ಅದರಾಗ ನಾ 4 ವರ್ಷದಿಂದ ಅದೇನಿ. ಅಂಗಡಿಗೆ ಬರೋ ಹುಡುಗ್ರು, ನರ್ಸಿಂಗ್ ಕಲಿಯೋ ಹುಡುಗ್ಯಾರು ಭಾಳ ಮಂದಿ ಕೇಳ್ತಾರ, "ಅಣ್ಣಾರ ನಾವೂ ಸೇರಬೇಕ್ರಿ, ಹೆಂಗೈತ್ರಿ, ಏನ್ ಮಾಡಸ್ತಾರ" ಅಂತ. ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಒಂದ ಸಲ ಎಲ್ಲಾ ಬರದ್ಬಿಡ್ತೇನಿ. ತಂಡದ ಹೆಸರು ಹಾಕೂದಿಲ್ಲ. ಕೊರತಿನೂ ಬರಿತೇನಿ, ಅವನ್ನ ಮೀಟಿಂಗ್‌ನ್ಯಾಗ ಎದುರಿಗೇ ಹೇಳೇನಿ, ಹೆಸರು ಹಚ್ಚಿ ಹೊರಗ ಹಾಕೂದು ನಂಗ ಸರಿ ಅನಸೂದಿಲ್ಲ.

ಯಾಕ ಸೇರಿದೆ ಅನ್ನೂದನ್ನ ಮೊದ್ಲ ಹೇಳಬೇಕು, ಇಲ್ಲಾಂದ್ರ ನಾ ಈ ತಂಡದ ಕೆಲವು ನಿಯಮಗಳನ್ನ ಯಾಕ ಅಷ್ಟು ಹಚ್ಚಿಕೊಂಡೇನಿ ಅನ್ನೂದು ತಿಳಿಯಂಗಿಲ್ಲ.

2019ರ ಆಗಸ್ಟ್. ನವಿಲುತೀರ್ಥ ಡ್ಯಾಮ್ ತುಂಬಿ ಮಲಪ್ರಭಾ ಹೊಳಿಗೆ ನೀರು ಬಿಟ್ರು, ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ಈ ಕಡೆ ರೋಣ ತಾಲೂಕಿನ ಹೊಳೆಆಲೂರು, ಹೊಳಿ ದಂಡಿ ಊರಿಗೆಲ್ಲಾ ನೀರು ಹೊಕ್ಕಿತ್ತು, ಕೊಣ್ಣೂರ ಹತ್ರ ಹೆದ್ದಾರಿನೂ ಬಂದ್ ಆಗಿತ್ತು. ಗದಗಿನ್ಯಾಗ ಯಾರಿಗೂ ಮನ್ಯಾಗ ಕುಂಡ್ರೂ ಮನಸಿದ್ದಿಲ್ಲ. ಓಣಿ ಓಣಿಯೊಳಗ ಹೆಣ್ಮಕ್ಕಳು ರೊಟ್ಟಿ ಬಡದು ಬಡದು ಕಟ್ಟಿ ಕಳಸಾಕತ್ತಿದ್ರು, ಹಾಸಿಗಿ, ಸೀರಿ, ಬಿಸ್ಕೀಟು, ಗಾಡಿ ಹಿಂದ ಗಾಡಿ. ನಾನೂ ನನ್ನ ಗೆಳ್ಯಾನೂ ಎರಡು ಕಾರ್ಟನ್ ತುಂಬ ಗುಳಿಗಿ ತುಂಬಕೊಂಡು ಅವನ ಟಾಟಾ ಏಸ್‌ನ್ಯಾಗ ಹೊಂಟ್ವಿ. ಯಾರನ್ನೂ ಕೇಳಲಿಲ್ಲ, ಯಾರೂ ಕರದಿರಲಿಲ್ಲ. ಒಂದು ಸಾಲಿ ಒಳಗ ಗಂಜಿ ಕೇಂದ್ರ ಮಾಡಿದ್ರು, ಅಲ್ಲೆ ಇಳದು ಒಂದು ಬೆಂಚ್ ಹಾಕ್ಕೊಂಡು ಕುಂತ್ವಿ, ತಲಿನೋವಿಗೆ ಒಂದು, ಜ್ವರಕ್ಕ ಒಂದು, ಹೊಟ್ಟಿಗೆ ಒಂದು, ಕೇಳಿದವರಿಗೆ ಕೇಳಿದ್ದು.

ಒಬ್ರು ಅಜ್ಜ ಬಂದ್ರು, 70ರ ಮ್ಯಾಲ ವಯಸ್ಸು. "ತಮ್ಮಾ, ಬಿಪಿ ಗುಳಿಗಿ ತೊಯ್ದ ಹೋದ್ವೋ, ಎರಡ ದಿನ ಆತು ತಗೊಂಡಿಲ್ಲ" ಅಂದ್ರು. ನಾ ಅಮ್ಲೋಡಿಪಿನ್ ಒಂದು ಸ್ಟ್ರಿಪ್ ಕೊಟ್ಟೆ. ಚೀಟಿ ನೋಡಲಿಲ್ಲ, ಬಿಪಿ ಹಿಡಿಯೂ ಮಷಿನ್ ನನ್ನ ಕಡೆ ಇರಲಿಲ್ಲ. ಮರುದಿನ ಮುಂಜಾನೆ ಮತ್ತ ಹೋದ್ರ ಅಜ್ಜ ಗ್ವಾಡಿಗೆ ಒರಗಿ ಕುಂತಾರ, ಮೈಯೆಲ್ಲಾ ಬೆವರು, ಕಣ್ಣು ಮ್ಯಾಲ. ಸೊಸಿ ಅಳಕೋತ ಸೆರಗಿನ ಗಂಟು ಬಿಚ್ಚಿ ತೋರಿಸಿದ್ರು, ಅದರಾಗ ಮೂರು ಸ್ಟ್ರಿಪ್. ಒಂದು ನಾ ಕೊಟ್ಟಿದ್ದು, ಒಂದು ಸಂಜಿಮುಂದ ಬಂದ ಇನ್ನೊಂದು ಗಾಡಿಯವರು ಕೊಟ್ಟಿದ್ದು, ಮತ್ತೊಂದು ಬಾಜೂಕ ಮಲಗಿದ್ದವರು "ಇದೂ ಬಿಪಿದ ಐತಿ ತಗೋ" ಅಂತ ಕೊಟ್ಟಿದ್ದು. ಮೂರಕ್ಕೂ ಬ್ಯಾರೆ ಬ್ಯಾರೆ ಕಂಪನಿ, ಬ್ಯಾರೆ ಹೆಸರು, ಬ್ಯಾರೆ ಬಣ್ಣದ ಹಾಳಿ, ಒಳಗ ಇರೂದು ಒಂದ ಔಷಧ. ಅಜ್ಜ ಮೂರೂ ಗುಳಿಗಿ ಬ್ಯಾರೆ ಬ್ಯಾರೆ ಅಂತ ತಿಳಕೊಂಡು ಮೂರೂ ನುಂಗಿದ್ರು.

ಪಿಎಚ್‌ಸಿ ಡಾಕ್ಟ್ರು ಅಲ್ಲೇ ಇದ್ರು ಅನ್ನೂದು ದೇವರ ದಯಾ. ಕೆಳಗ ಮಲಗಿಸಿ, ಕಾಲು ಮ್ಯಾಲ ಮಾಡಿ, ಸಲೈನ್ ಹಚ್ಚಿ 108ಕ್ಕ ಹಾಕಿ ಕಳಿಸಿದ್ರು, ಅಜ್ಜ ಎರಡು ದಿನಕ್ಕ ಆರಾಮಾಗಿ ವಾಪಸ್ ಬಂದ್ರು. ಆದ್ರ ಆ ಡಾಕ್ಟ್ರು ಕೆಲಸ ಮುಗಿಸಿ ಕೈ ತೊಳಕೊಂಡು ನನ್ನ ಕಡೆ ಬಂದು ಒಂದ ಮಾತು ಕೇಳಿದ್ರು: "ಕೊಟ್ಟಿದ್ದು ಎಲ್ಲಿ ಬರದೀರಿ?"

ಎಲ್ಲೂ ಬರದಿರಲಿಲ್ಲ. ನಿನ್ನೆ ಎಷ್ಟು ಮಂದಿಗೆ ಏನೇನು ಕೊಟ್ಟೇನಿ ಅನ್ನೂದು ನಂಗ ಗೊತ್ತಿಲ್ಲ. ಅಂಗಡ್ಯಾಗ ಆಗಿದ್ರ ಬಿಲ್ ಇರ್ತಿತ್ತು, ಡಾಕ್ಟ್ರ ಚೀಟಿ ಇರ್ತಿತ್ತು. ನೆರಿ ಅಂತ ಹೇಳಿ ನಾ ನನ್ನ ವಿದ್ಯಾನ ಮನ್ಯಾಗ ಬಿಟ್ಟು ಬಂದಿದ್ದೆ. ಆ ಮಾತು ಇವತ್ತಿಗೂ ಕಿವ್ಯಾಗ ಐತಿ, ತಂಡ ಸೇರಿದ್ದು ಅದ ಮಾತಿನ ಸಲುವಾಗಿ.

ಆ ಸಲ ಆ ಸಾಲಿ ವರಾಂಡದಾಗ ಬಂದು ಬಿದ್ದಿದ್ದ ಔಷಧ ನೋಡಿದ್ರ ಸಂಕಟ ಆಗ್ತಿತ್ತು. ಅರ್ಧ ಕತ್ತರಿಸಿದ ಸ್ಟ್ರಿಪ್, ಹೆಸರಿಲ್ಲ, ಡೇಟ್ ಇಲ್ಲ, ಒಡದ ಸಿರಪ್ ಬಾಟ್ಲಿ, ಯಾರದೋ ಮನ್ಯಾಗ ಉಳದ ಕಣ್ಣಿನ ಡ್ರಾಪ್ಸ್. ದಾನ ಕೊಟ್ಟವರ ಮನಸು ದೊಡ್ಡದು, ಅದರಾಗ ಎರಡು ಮಾತಿಲ್ಲ, ಆದ್ರ ಔಷಧ ಅಂದ್ರ ರೊಟ್ಟಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯವ್ರು 1996ರಾಗೇ ಇದಕ್ಕ ನಿಯಮ ಮಾಡ್ಯಾರ, ಔಷಧ ದಾನ ಬಂದ್ರ ಅದರ ಮ್ಯಾಲ ಜೆನೆರಿಕ್ ಹೆಸರು, ಅಂದ್ರ ಕಂಪನಿ ಇಟ್ಟಿದ್ದಲ್ಲ, ಒಳಗಿರೋ ಔಷಧದ ಹೆಸರು ಇರಬೇಕು, ಬಂದ ದಿನದಿಂದ ಕಮ್ಮಿ ಅಂದ್ರೂ ಒಂದು ವರ್ಷ ಎಕ್ಸ್‌ಪೈರಿ ಉಳದಿರಬೇಕು, ರೋಗಿಗೋಳು ವಾಪಸ್ ಕೊಟ್ಟಿದ್ದನ್ನ ಕೊಡಬಾರದು ಅಂತ. ಇದು ನಂಗ ತಂಡಕ್ಕ ಬಂದಮ್ಯಾಲ ಗೊತ್ತಾಗಿದ್ದು.

ಈಗ ಸೇರೂದು ಹೆಂಗ ಅನ್ನೂದು. ಫಾರ್ಮ್ ತುಂಬಿ ಕೊಟ್ಟ ಕೂಡಲೇ ಟೀಶರ್ಟ್ ಕೊಟ್ಟು ಕಳಸ್ತಾರ ಅಂತ ತಿಳಕೋಬ್ಯಾಡ್ರಿ. ನಂದು ಫಾರ್ಮಸಿ ಕೌನ್ಸಿಲ್ ರಿಜಿಸ್ಟ್ರೇಷನ್ ಜೆರಾಕ್ಸ್, ಒರಿಜಿನಲ್ ನೋಡಿ ವಾಪಸ್. ಫಿಟ್‌ನೆಸ್ ಸರ್ಟಿಫಿಕೇಟ್. ಹೆಪಟೈಟಿಸ್ ಬಿ ಸೂಜಿ ಮೂರು, ಮೊದಲನೇದು, ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು, ಹಂಗಾಗಿ ನಾ ಅರ್ಜಿ ಕೊಟ್ಟ ಮ್ಯಾಲ ಹೊರಗ ಹೋಗೂಕ ಆರು ತಿಂಗಳಿಗಿಂತ ಜಾಸ್ತಿ ಹಿಡೀತು. ಟಿಟಿ ಸೂಜಿ ಬ್ಯಾರೆ. ಕೆಲಸ ಕೊಟ್ಟವರ ಪತ್ರ, ವರ್ಷಕ್ಕ ಇಷ್ಟು ದಿನ ಬಿಡ್ತೇವಿ ಅಂತ, ನಮ್ಮ ಶೇಟ್ಜಿ 10 ದಿನ ಬರದು ಕೊಟ್ರು, ಆ ದಿನದ ಪಗಾರ ಕಟ್ ಮಾಡೂದಿಲ್ಲ ಅಂತನೂ ಬರದ್ರು, ಅವರಿಗೆ ನಾ ಯಾವತ್ತೂ ಋಣಿ. ಎಲ್ಲಾಕ್ಕಿಂತ ಹೆಚ್ಚಿಂದು ಮನಿಯವರ ಸಹಿ. ತಂಡದ ಹಿರಿ ಸಿಸ್ಟರ್ ಒಬ್ರು ಮನಿಗೇ ಫೋನ್ ಹಚ್ಚಿ ನನ್ನ ಹೆಂಡ್ತಿ ಜೋಡಿ ಅರ್ಧಾ ತಾಸು ಮಾತಾಡಿದ್ರು, "ನೋಡವಾ ತಂಗಿ, ಎರಡು ದಿನ ಫೋನ್ ಹತ್ತಲಿಲ್ಲ ಅಂದ್ರ ಗಾಬ್ರಿ ಆಗಬ್ಯಾಡ, ನಮ್ಮ ನಂಬರಿಗೆ ಹಚ್ಚು, ನಾವು ಹೇಳ್ತೇವಿ" ಅಂತ. ಈ ಒಂದು ಫೋನಿಗೇ ನಾ ತಂಡಕ್ಕ ಪೂರ್ತಿ ಮಾರ್ಕ್ಸ್ ಕೊಡ್ತೇನಿ. ನನ್ನಕಿ ಅಲ್ಲೀತನಕ ಬ್ಯಾಡ ಬ್ಯಾಡ ಅಂತಿದ್ದಳು, ಅವತ್ತು ಸಹಿ ಮಾಡಿದಳು.

ವರ್ಷಕ್ಕ 300 ರೂಪಾಯಿ ನಾವ ಕೊಡಬೇಕು, ಅವರು ನಮಗೇನೂ ಕೊಡೂದಿಲ್ಲ. ಬಸ್ ಚಾರ್ಜ್ ನಮ್ಮದ. ಗದಗದಿಂದ ಹುಬ್ಬಳ್ಳಿ 60 ಕಿಲೋಮೀಟರ್ ಹತ್ರ, ಟ್ರೇನಿಂಗ್‌ಗೆ ತಿಂಗಳಿಗೆ ಒಂದು ರವಿವಾರ ಹೋಗಿ ಬರೂದು.

ಟ್ರೇನಿಂಗ್ ಬಗ್ಗೆ ಹೇಳಬೇಕಂದ್ರ, ಇಷ್ಟು ವರ್ಷ ಔಷಧದ ನಡುವ ಇದ್ದಾವ ನಾ, ನಂಗೇ ಗೊತ್ತಿರಲಾರದ್ದು ಎಷ್ಟಿತ್ತು ಅಂದ್ರ! ಎದಿ ಒತ್ತೂದು ಮಿನಿಟಿಗೆ 100ರಿಂದ 120 ಸಲ, 5 ಸೆಂಟಿಮೀಟರ್ ಒಳಗ ಹೋಗಬೇಕು, 30 ಸಲ ಒತ್ತಿ ಎರಡು ಸಲ ಉಸಿರು ಕೊಡಬೇಕು, ಬೊಂಬಿ ಮ್ಯಾಲ ಎರಡು ಮಿನಿಟ್ ಮಾಡೂದ್ರಾಗ ರಟ್ಟಿ ಬಿದ್ದು ಹೋಗ್ತಾವ. ಅದು ಎಲ್ಲಾ ಕಡೆ ಹೇಳಿಕೊಡ್ತಾರ. ಇಲ್ಲಿ ಬ್ಯಾರೆ ಏನಂದ್ರ ಟ್ರಯಾಜ್. ಅಂದ್ರ ಒಮ್ಮೆಲೆ 40 ಮಂದಿ ಗಾಯ ಆಗಿ ಬಿದ್ರ ಯಾರನ್ನ ಮೊದ್ಲ ಎತ್ತಬೇಕು ಅನ್ನೂದು. ಒಬ್ಬೊಬ್ಬರ ಕಡೆ ಅರ್ಧಾ ಮಿನಿಟ್, ಅಷ್ಟ. ನಡಕೊಂಡು ಬರೂ ತಾಕತ್ತು ಇದ್ದವರಿಗೆ ಹಸಿರು ಪಟ್ಟಿ. ಉಸಿರು ಮಿನಿಟಿಗೆ 30ಕ್ಕಿಂತ ಜಾಸ್ತಿ ಇದ್ರ ಕೆಂಪು, ಅಂದ್ರ ಇವರನ್ನ ಮೊದ್ಲ ಎತ್ತಬೇಕು, ಉಗುರು ಒತ್ತಿ ಬಿಟ್ಟಮ್ಯಾಲ ಎರಡು ಸೆಕೆಂಡಿನ್ಯಾಗ ಬಣ್ಣ ವಾಪಸ್ ಬರಲಿಲ್ಲ ಅಂದ್ರ ಕೆಂಪು, "ನನ್ನ ಕೈ ಹಿಡಿ" ಅಂದ್ರ ಹಿಡೀಲಿಲ್ಲ ಅಂದ್ರ ಕೆಂಪು. ಇವು ಮೂರೂ ಸರಿ ಇದ್ದು ಏಳಾಕ ಆಗದವರಿಗೆ ಹಳದಿ. ಉಸಿರ ಇಲ್ಲ, ತಲಿ ಹಿಂದ ಮಾಡಿ ದಾರಿ ಬಿಡಿಸಿದ್ರೂ ಉಸಿರು ಬರಲಿಲ್ಲ, ಅವರಿಗೆ ಕರೀ ಪಟ್ಟಿ, ಕಟ್ಟಿ ಮುಂದ ಹೋಗಬೇಕು.

ಆ "ಮುಂದ ಹೋಗಬೇಕು" ಅನ್ನೂದು ಬಾಯಿಲೆ ಹೇಳೂಕ ಸಸಾರ. ಧಾರವಾಡದಾಗ ಒಂದು ಮೈದಾನದಾಗ ಮಾಕ್ ಡ್ರಿಲ್ ಇಟ್ಟಿದ್ರು. ನರ್ಸಿಂಗ್ ಹುಡುಗ್ಯಾರು ಕೆಂಪು ಬಣ್ಣ ಹಚ್ಕೊಂಡು ಬಿದ್ದಿದ್ರು, ಒಬ್ಬಳ ಕುತ್ತಿಗ್ಯಾಗ "ಉಸಿರಿಲ್ಲ" ಅಂತ ಕಾರ್ಡ್ ಇತ್ತು. ನನ್ನ ಮಗಳ ವಯಸ್ಸಿನ ಹುಡುಗಿ, ಜಡಿ ಮಣ್ಣಾಗ ಬಿದ್ದಿತ್ತು. ನಾ ಗಲ್ಲ ಎತ್ತಿ ದಾರಿ ಬಿಡಿಸಿದೆ, ಕಾರ್ಡ್ ತಿರುವಿದ್ರ "ಇನ್ನೂ ಉಸಿರಿಲ್ಲ". ಕರೀ ಪಟ್ಟಿ ಕೈಯಾಗ ಹಿಡಕೊಂಡು ಕುಂತೆ, ಕಟ್ಟಾಕ ಕೈ ಬರವಲ್ತು, ಆ ಹುಡುಗಿ ಕಣ್ಣು ಮುಚ್ಚಿಕೊಂಡು ಉಸಿರಾಡಾಕತ್ತಿದ್ದು ಕಾಣಸ್ತೈತಿ, ನಾಟಕ ಅಂತ ಗೊತ್ತೈತಿ, ಆದ್ರೂ ಬರವಲ್ತು. ಹಿಂದಿನಿಂದ ಟ್ರೇನರ್ ಹೇಳಿದ್ರು, "ಸರ, ನೀವು ಇಲ್ಲಿ ಕುಂತ ಹೊತ್ತಿನ್ಯಾಗ ಆ ಕಡೆ ಕೆಂಪಿನಾಕಿ ರಕ್ತ ಹೋಗಿ ಹೋಗಿ ಕರೀಯಾಕಿ ಆದಳು." ತಿರುಗಿ ನೋಡಿದ್ರ ಖರೇನ ಅವರು ಆ ಕಡೆ ಮಲಗಿದ್ದಾಕಿ ಕಾರ್ಡ್ ಬದಲಿ ಮಾಡಿದ್ರು. ಅವತ್ತು ರಾತ್ರಿ ಊಟ ಸೇರಲಿಲ್ಲ. ಆದ್ರ ಇದನ್ನ ಡ್ರಿಲ್‌ನ್ಯಾಗ ಅನುಭವಿಸಿದ್ದು ಚಲೋ ಆತು ಅಂತ ಈಗ ಅನಸ್ತೈತಿ.

ನಮ್ಮ ಕಡೆಯವರಿಗೆ ಕಟ್ಟಡ ಬೀಳೂದು ಅಂದ್ರ ದೂರದ ಸುದ್ದಿ ಅಲ್ಲ. 2019ರ ಮಾರ್ಚ್ 19ಕ್ಕ ಧಾರವಾಡ ಕುಮಾರೇಶ್ವರ ನಗರದಾಗ ಕಟ್ಟಾಕತ್ತಿದ್ದ ಬಿಲ್ಡಿಂಗ್ ಬಿದ್ದಿದ್ದು ಎಲ್ಲಾರಿಗೂ ನೆನಪೈತಿ, 19 ಜನ ಹೋದ್ರು, ಅವಶೇಷದ ಕೆಳಗ ಹುಡುಕೂದು ದಿನಗಟ್ಟಲೆ ನಡದಿತ್ತು. ಟ್ರೇನರ್ ಅದನ್ನ ನೆನಪ ಮಾಡಿಕೊಟ್ಟ ಕ್ರಶ್ ಸಿಂಡ್ರೋಮ್ ಹೇಳಿಕೊಟ್ರು. ಕಾಲಿನ ಮ್ಯಾಲ ಸ್ಲ್ಯಾಬ್ ಬಿದ್ದು ತಾಸುಗಟ್ಟಲೆ ಸಿಕ್ಕೊಂಡಾವ ಮಾತಾಡ್ಕೋತ ಇರ್ತಾನ, ನೀರು ಕೇಳ್ತಾನ, ಮಂದಿ ಖುಷಿಲೆ ಸ್ಲ್ಯಾಬ್ ಎತ್ತತಾರ, ಎತ್ತಿದ ಸ್ವಲ್ಪ ಹೊತ್ತಿನ್ಯಾಗ ಹೃದಯ ನಿಲ್ತೈತಿ. ಯಾಕಂದ್ರ ಜಜ್ಜಿ ಹೋದ ಮಾಂಸಖಂಡದಾಗ ಕೂಡಿದ್ದ ಪೊಟ್ಯಾಷಿಯಂ ಒಮ್ಮೆಲೆ ರಕ್ತಕ್ಕ ಬರ್ತೈತಿ, ಮುಂದ ಕಿಡ್ನಿನೂ ಹೋಗ್ತಾವ. ಅದಕ್ಕ ಎತ್ತೂಕಿಂತ ಮೊದ್ಲ ಅಲ್ಲೇ ಕಲ್ಲಿನ ನಡುವನ ಸಲೈನ್ ಹಚ್ಚಬೇಕು, ಪೊಟ್ಯಾಷಿಯಂ ಇರೋ ರಿಂಗರ್ ಲ್ಯಾಕ್ಟೇಟ್ ಅಲ್ಲ, ನಾರ್ಮಲ್ ಸಲೈನ್. ಲಂಡನ್ನಿನ್ಯಾಗ ಬಾಂಬ್ ಬಿದ್ದ ಮನಿಗಳ ಕೆಳಗಿಂದ ಎತ್ತಿದವರನ್ನ ನೋಡಿ 1941ರಾಗ ಡಾಕ್ಟ್ರು ಇದನ್ನ ಬರದಿದ್ರಂತ. ಔಷಧದ ಟ್ರಂಕ್‌ನ್ಯಾಗ ಯಾವ ಬಾಟ್ಲಿ ಮ್ಯಾಲ ಇಡಬೇಕು ಅನ್ನೂದು ನನ್ನ ಕೆಲಸನ ನೋಡ್ರಿ, ಹಂಗಾಗಿ ಇದು ನನ್ನ ತಲ್ಯಾಗ ಕುಂತ್ಬಿಟ್ಟೈತಿ.

ಟ್ರಂಕ್ ಬಗ್ಗೆ ಸ್ವಲ್ಪ ಜಾಸ್ತಿನ ಬರಿತೇನಿ, ಅದು ನನ್ನ ಜೀವ. ನಮ್ಮವು ಮೂರು ಕಬ್ಬಿಣದ ಟ್ರಂಕ್, ಕೆಂಪು, ಹಳದಿ, ಹಸಿರು ಬಣ್ಣ ಹೊಡದೇವಿ. ಕೆಂಪಿನ್ಯಾಗ ಸಲೈನ್, ಸೂಜಿ, ರಕ್ತ ನಿಲ್ಲಿಸೂ ಪಟ್ಟಿ, ಹೊಲಗಿ ಸಾಮಾನು. ಹಳದಿಯೊಳಗ ದಿನಾ ತಗೊಳ್ಳೂವು, ಬಿಪಿ, ಶುಗರ್, ಮೂರ್ಛೆರೋಗ, ಥೈರಾಯ್ಡ್, ದಮ್ಮಿನ ಇನ್‌ಹೇಲರ್. ಹಸಿರಿನ್ಯಾಗ ಓಆರ್‌ಎಸ್, ಜಿಂಕ್, ಪ್ಯಾರಾಸಿಟಮಾಲ್, ತುರಿಕಿ ಮುಲಾಮು. ಮುಚ್ಚಳದ ಒಳಗ ಪಟ್ಟಿ ಅಂಟಿಸೇವಿ, ಜೆನೆರಿಕ್ ಹೆಸರು ದೊಡ್ಡಕ್ಷರದಾಗ, ಕಂಪನಿ ಹೆಸರು ಇಲ್ಲವೇ ಇಲ್ಲ. ಸ್ಟ್ರಿಪ್ ಕತ್ತರಿಸೂದಿದ್ರ ಎಕ್ಸ್‌ಪೈರಿ ಇರೋ ತುದಿ ಕಡೀಕ್ ಉಳಿಬೇಕು, ಈ ಕಡೆಯಿಂದ ಕತ್ತರಿಸ್ಕೋತ ಹೋಗಬೇಕು. ಮತ್ತ ಓದಾಕ ಬರಲಾರದ ಅಜ್ಜಿ ಅಜ್ಜಗೋಳಿಗೆ ಸಣ್ಣ ಕಾಗದದ ಪಾಕೀಟಿನ್ಯಾಗ ಹಾಕಿ ಮ್ಯಾಲ ಮಾರ್ಕರ್‌ಲೆ ಸೂರ್ಯ ಬರದ್ರ ಮುಂಜಾನಿದು, ಚಂದ್ರ ಬರದ್ರ ರಾತ್ರಿದು. ಪ್ರತಿಯೊಬ್ಬರ ಹೆಸರು, ಊರು, ಏನ್ ಕೊಟ್ವಿ, ಎಷ್ಟು ಕೊಟ್ವಿ, ಕಾರ್ಬನ್ ಹಾಕಿದ ಪುಸ್ತಕದಾಗ ಬರದು ಒಂದು ಪ್ರತಿ ಅವರ ಕೈಯಾಗ, ಒಂದು ನಮ್ಮ ಕಡೆ. ಬರೀಲಾರದ ಒಂದು ಗುಳಿಗಿ ಟ್ರಂಕ್‌ನಿಂದ ಹೊರಗ ಹೋಗಂಗಿಲ್ಲ. ಈ ನಿಯಮ ನಾ ಮಾಡಿದ್ದಲ್ಲ, ನಾ ಬರೂಕಿಂತ ಮೊದ್ಲ ಇತ್ತು. ಮೊದಲನೇ ದಿನ ಆ ಪುಸ್ತಕ ನೋಡಿದಾಗ ನನ್ನ ಕಣ್ಣಾಗ ನೀರು ಬಂದ್ವು.

ಮೂರು ದಿನಕ್ಕ ಬೇಕಾಗೋ ನಮ್ಮ ಊಟ, ನೀರು, ಹಾಸಿಗಿ, ಬ್ಯಾಟರಿ ಎಲ್ಲಾ ನಾವ ಒಯ್ಯಬೇಕು ಅನ್ನೂದು ಇನ್ನೊಂದು ನಿಯಮ. ನೆರಿ ಬಂದ ಊರಾಗ ಸಂತ್ರಸ್ತರ ತಾಟಿನ್ಯಾಗಿಂದು ಉಣಬಾರದು. ಹೊರದೇಶಕ್ಕ ಹೋಗೋ ದೊಡ್ಡ ತಂಡಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಎರಡು ವಾರ ಸ್ವಂತದ ಮ್ಯಾಲ ನಿಲ್ಲೂ ತಾಕತ್ತು ಬೇಕು ಅಂತ ಹೇಳ್ತೈತಿ. ನಮ್ಮದು ಸಣ್ಣ ತಂಡ, ಮೂರ ದಿನದ ಲೆಕ್ಕ, ಆದ್ರ ತತ್ವ ಅದ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಇವು ನಮ್ಮ ಕಡೆ ಇರೂದ್ರಿಂದ ಮೂರು ದಿನ ಅನ್ನೂದು ಏನೂ ತ್ರಾಸಿಲ್ಲ.

ಎರಡು ಮಳಿಗಾಲದ ಹಿಂದ ಹಾವೇರಿ ಜಿಲ್ಲಾದಾಗ ವರದಾ ಹೊಳಿ ದಂಡಿಯ ಒಂದು ಊರಿಗೆ ಕರದ್ರು. ನಾವು 9 ಮಂದಿ, ಇಬ್ರು ಡಾಕ್ಟ್ರು, ನಾಕ್ ಸಿಸ್ಟರ್‌ಗೋಳು, ಲ್ಯಾಬಿನಾವ ಒಬ್ಬ, ನಾನು, ಮತ್ತ ಡ್ರೈವರ್ ಕಾಕಾ. ಎರಿ ಮಣ್ಣಿನ್ಯಾಗ ಗಾಡಿ ಸಿಕ್ಕೊಂಡು ಕಡೀಕ್ ಎರಡು ಕಿಲೋಮೀಟರ್ ಟ್ರ್ಯಾಕ್ಟರ್ ಮ್ಯಾಲ ಹೋದ್ವಿ. ಟಿವಿಯೊಳಗ ತೋರಸ್ತಾರಲ್ಲ ಬೋಟು, ಹಗ್ಗ, ಅದು ನಮ್ಮ ಕೆಲಸ ಅಲ್ಲ, ಅದು ಅಗ್ನಿಶಾಮಕದವ್ರದು, ಎಸ್‌ಡಿಆರ್‌ಎಫ್ ಅಂದ್ರ ರಾಜ್ಯದ ವಿಪತ್ತು ಪಡೆಯವ್ರದು. ನಾವು ಹೋಗೂದ್ರಾಗ ನೀರು ಇಳ್ಯಾಕತ್ತಿತ್ತು, ಮಂದಿ ಕಾಳಜಿ ಕೇಂದ್ರದಾಗ ಇದ್ರು.

ಮೊದಲನೇ ದಿನ ಪೂರ್ತಿ ಕಾಲು ತೊಳದ್ವಿ. ಖರೆ ಹೇಳ್ತೇನಿ, ಡಾಕ್ಟ್ರು ಸೈತ ಬಕೀಟ್ ಹಿಡಕೊಂಡು ಕಾಲು ತೊಳದ್ರು. ನೀರಾಗ ನಿಂತು ನಿಂತು ಬೆರಳ ಸಂದಿ ಬೆಳ್ಳಗಾಗಿ ಒಡದಿದ್ವು, ತಗಡು, ಗಾಜು, ಜಾಲಿ ಮುಳ್ಳು ಚುಚ್ಚಿದ್ವು, ಶುಗರ್ ಇದ್ದವರಿಗೆ ಚುಚ್ಚಿದ್ದ ಗೊತ್ತಾಗಿರಲಿಲ್ಲ. ತೊಳದು, ಒರಸಿ, ಬೆರಳ ಸಂದಿ ಒಣಗಿಸಿ, ಪಟ್ಟಿ ಕಟ್ಟಿ, ಟಿಟಿ ಕೊಟ್ಟು, ಮತ್ತ ಮುಂದಿನವರು. ಇಲಿ, ದನದ ಉಚ್ಚಿ ಎಲ್ಲಾ ಸೇರಿದ ನೀರಾಗ ಅಡ್ಡಾಡಿದವರಿಗೆ ಇಲಿಜ್ವರ ಬರೂ ಹೆದರಿಕಿ ಇರ್ತೈತಿ, ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಅಂದ್ರ ಬ್ಯಾರೆ ಪಟ್ಟಿ ಮಾಡಿ ಡಾಕ್ಟ್ರಿಗೆ ತೋರಸ್ತಿದ್ವಿ. ಕೇರಳದಾಗ 2018ರ ನೆರಿ ಮ್ಯಾಲ ಇದು ಬರಬಾರದಂತ ಡಾಕ್ಸಿಸೈಕ್ಲಿನ್ ಗುಳಿಗಿ ಕೊಟ್ಟಿದ್ದು ಭಾಳ ಮಂದಿಗೆ ಗೊತ್ತು, ಆದ್ರ ಯಾರಿಗೆ ಕೊಡಬೇಕು ಅನ್ನೂದು ಡಾಕ್ಟ್ರು ಹೇಳಬೇಕು, ಬಸುರಿ ಹೆಣ್ಮಕ್ಕಳಿಗೆ, ಸಣ್ಣ ಹುಡುಗ್ರಿಗೆ ಕೈಗೆ ಬಂದಂಗ ಕೊಡೂ ಔಷಧ ಅಲ್ಲ ಅದು.

ಎರಡನೇ ದಿನ ನನ್ನ ಹಳದಿ ಟ್ರಂಕಿನ ದಿನ. ಆಶಾ ಅಕ್ಕಾರು ಒಬ್ರು ಬಂದ್ರು, ಅವರ ಮನಿಗೂ ನೀರು ಹೊಕ್ಕಿತ್ತು, ಆದ್ರೂ ಪ್ಲಾಸ್ಟಿಕ್ ಚೀಲದಾಗ ತಮ್ಮ ರಿಜಿಸ್ಟರ್ ಸುತ್ತಿ ಎದಿಗೆ ಕಟ್ಟಿಕೊಂಡು ಬಂದಿದ್ರು. ಆ ರಿಜಿಸ್ಟರ್ ಇಲ್ಲಾಂದ್ರ ನಾವು ಕುರುಡರು. ಯಾರು ಬಸುರಿ, ಯಾರ ತಿಂಗಳು ತುಂಬ್ಯಾವ, ಯಾರದು ಟಿಬಿ ಗುಳಿಗಿ ನಡದೈತಿ, ಯಾರಿಗೆ ಮೂರ್ಛೆ ಬರ್ತೈತಿ, ಎಲ್ಲಾ ಅದರಾಗ. ಟಿಬಿ ಗುಳಿಗಿ ನಡುವ ಬಿಟ್ರ ಮುಂದ ಔಷಧ ನಾಟದಂಗ ಆಗ್ತೈತಿ, ಹಂಗಾಗಿ ಅವರನ್ನ ಮೊದ್ಲ ಹುಡಕಿದ್ವಿ. ಒಬ್ಬಾಕಿ ತುಂಬಿದ ಬಸುರಿ, ಅವರನ್ನ ನೋವು ಬರೂಕಿಂತ ಮೊದ್ಲ ತಾಲೂಕು ದವಾಖಾನಿಗೆ ಕಳಿಸಿದ್ವಿ.

ಇನ್ಸುಲಿನ್ ತಗೊಳ್ಳೋ ಒಬ್ರು ಅಮ್ಮ ಇದ್ರು, ಕರೆಂಟ್ ಇಲ್ಲ, ಫ್ರಿಜ್ ಇಲ್ಲ. ಒಂದು ದೊಡ್ಡ ಮಡಿಕಿಯೊಳಗ ಹಸಿ ಉಸುಕು ಹಾಕಿ, ಅದರಾಗ ಸಣ್ಣ ಕುಡಿಕಿ ಇಟ್ಟು, ಕುಡಿಕಿಯೊಳಗ ಬಾಟ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟು, ಮ್ಯಾಲ ಹಸಿ ಅರಿವಿ ಮುಚ್ಚಿ ನೆರಳಾಗ ಇಟ್ವಿ. ದಿನಾ ಎರಡು ಸಲ ಉಸುಕಿಗೆ ನೀರು ಚಿಮುಕಿಸಿದ್ರ ಸಾಕು, ನೀರು ಆರೂದ್ರಾಗ ಒಳಗ ತಂಪಾಗ್ತೈತಿ. ಬಳಸಾಕ ಹತ್ತಿದ ಬಾಟ್ಲಿ ಹೆಂಗೂ ಸುಮಾರು ನಾಕ್ ವಾರ ಹೊರಗ ತಡೀತೈತಿ, ಬಿಸಲಿಗೆ ಬೀಳಬಾರದು ಅಷ್ಟ. ಆ ಅಮ್ಮ ಮಡಿಕಿ ಮುಟ್ಟಿ ನೋಡಿ "ನಮ್ಮವ್ವ ಹಿಂಗ ಬೆಣ್ಣಿ ಇಡ್ತಿದ್ಲಪಾ" ಅಂದ್ರು.

ಮೂರನೇ ದಿನ ಸಂಜಿಗೆ ಹೊರಡೂ ಟೈಮಿಗೆ ಅದ ಅಮ್ಮ ಕೇಳಿದ್ರು, "ನೀ ಹೋದಮ್ಯಾಲ ಈ ಗುಳಿಗಿ ಯಾರ ಕೊಡ್ತಾರಪಾ?" ಈ ಪ್ರಶ್ನೆಗೆ ಉತ್ತರ ಇಲ್ಲದ ತಂಡ ಎಷ್ಟು ದೊಡ್ಡದಿದ್ರೂ ನಾ ಸೇರಾಕ ಹೇಳೂದಿಲ್ಲ. ನಮ್ಮ ಕಡೆ ಉತ್ತರ ಇತ್ತು. ಕಾರ್ಬನ್ ಪುಸ್ತಕದ ಪ್ರತಿ, 163 ಮಂದಿ ಹೆಸರು, ಪಿಎಚ್‌ಸಿ ಫಾರ್ಮಸಿ ಆಫೀಸರ್ ಕೈಯಾಗ ಕೊಟ್ಟು, ಅವರ ಎದುರಿಗೇ ಒಂದೊಂದು ಹಾಳಿ ತಿರುವಿ ತೋರಿಸಿ, ಉಳದ ಔಷಧ ಎಣಿಸಿ ಒಪ್ಪಿಸಿ, ಸಹಿ ತಗೊಂಡು ಬಂದ್ವಿ. ಅಮ್ಮನ ಹೆಸರಿಗೆ ಕೆಂಪು ಪೆನ್ನಿಲೆ ಗೆರಿ ಹೊಡದಿದ್ವಿ. ಅವರ ಮಗನಿಗೆ ಆ ಆಫೀಸರ್ ಮುಖಾ ತೋರಿಸಿ, "ಇವರ ಕಡೆ ಬರ್ರಿ" ಅಂತ ಹೇಳಿ ಬಂದ್ವಿ.

ಈಗ ಕೊರತಿ. ತಂಡದ ವಿಮಾ ಭಾಳ ತಡಾ, ನಂದು ಸೇರಿ ಒಂದು ವರ್ಷ ಆದಮ್ಯಾಲ ಬಂತು, ಅಲ್ಲೀತನಕ ಏನಾರ ಆಗಿದ್ರ ಮನಿಯವರ ಗತಿ ಏನು, ಇದನ್ನ ನಾ ಬಿಡಲಾರದ ಕೇಳ್ತೇನಿ. ಸೇರೋವ್ರು ಮೊದಲನೇ ದಿನ ವಿಮಾ ಪೇಪರ್ ಕೇಳ್ರಿ, ನಾಚಬ್ಯಾಡ್ರಿ. ಕೊಟ್ಟ ರೇನ್‌ಕೋಟ್ ಮೊದಲನೇ ಮಳಿಗೇ ಕಂಕಳದಾಗ ಹರೀತು. ಗಂಬೂಟ್ ನಾವ ತಗೋಬೇಕು, ಒಂದು ನಂಬರ್ ದೊಡ್ಡದು ತಗೊಂಡು ಉಣ್ಣಿ ಕಾಲಚೀಲ ಹಾಕ್ರಿ, ಬಿಗಿ ಇದ್ರ ಸಂಜಿ ಮುಂದ ಗುಳ್ಳಿ ಏಳ್ತಾವ. ಹಣಿಗೆ ಕಟ್ಟೋ ಬ್ಯಾಟರಿ ಸ್ವಂತದ್ದು ಇಟ್ಕೊಳ್ರಿ. ಸಿಸ್ಟರ್‌ಗೋಳಿಗೆ ಮಲಗೂಕ, ಬಾತ್‌ರೂಮಿಗೆ ಅನುಕೂಲ ಮಾಡೂದು ಪ್ರತಿ ಸಲ ಕಡೀ ಗಳಿಗಿಗೆ ನೆನಪಾಗ್ತೈತಿ, ಇದು ಸಣ್ಣ ಮಾತಲ್ಲ, ಇದರ ಸಲುವಾಗಿ ಒಬ್ರು ಚಲೋ ಸಿಸ್ಟರ್ ತಂಡ ಬಿಟ್ರು, ನಂಗ ಇನ್ನೂ ಬ್ಯಾಸರ ಐತಿ.

ಮತ್ತ ವಾಪಸ್ ಬಂದಮ್ಯಾಲ ಯಾರೂ ಕೇಳಂಗಿಲ್ಲ. ಮನಿಗೆ ಬಂದು ಹಾಸಿಗಿ ಮ್ಯಾಲ ಮಲಗಿದ್ರ ನಿದ್ದಿ ಬರಂಗಿಲ್ಲ, ಮಳಿ ಸಪ್ಪಳ ಕೇಳಿದ್ರ ಎದ್ದು ಕುಂಡ್ರತೀವಿ. ಈಗ ಒಂದು ವರ್ಷದಿಂದ ವಾಪಸ್ ಬಂದ ಮುಂದಿನ ರವಿವಾರ ಎಲ್ಲಾರೂ ಕೂಡಿ ಚಹಾ ಕುಡ್ಕೋತ ಕುಂಡ್ರೂದು ಚಾಲೂ ಮಾಡೇವಿ, ಧಾರವಾಡದ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್‌ನ್ಯಾಗ ಕೆಲಸ ಮಾಡಿ ರಿಟೈರ್ ಆದ ಒಬ್ರು ಹಿರ್ಯಾರು ಬಂದು ಸುಮ್ನ ಕೇಳಿಸ್ಕೋತಾರ. ಅಷ್ಟಕ್ಕೇ ಭಾಳ ಹಗುರ ಆಗ್ತೈತಿ.

ಒಂದು ವಿಷಯ ಹೊಸಬರಿಗೆ ಭಾಳ ಕಷ್ಟ ಅನಸ್ತೈತಿ, ಕರೀಲಿಲ್ಲ ಅಂದ್ರ ಹೋಗಂಗಿಲ್ಲ. 2024ರ ಜುಲೈ 30ಕ್ಕ ವಯನಾಡಿನ ಮುಂಡಕ್ಕೈ, ಚೂರಲ್ಮಲಾ ಗುಡ್ಡ ಕುಸಿದಾಗ ನಾವು ಬ್ಯಾಗ್ ಕಟ್ಟಿಕೊಂಡು ಎರಡು ದಿನ ತಯಾರ ಕುಂತ್ವಿ. ಕರಿ ಬರಲಿಲ್ಲ. ಹುಡುಗ್ರು ಸಿಟ್ಟಾದ್ರು, "ನಮ್ಮ ಗಾಡ್ಯಾಗ ನಾವ ಹೋಗೋಣ್ರಿ" ಅಂದ್ರು. ನಾ 2019ರ ಅಜ್ಜನ ಸುದ್ದಿ ಹೇಳಿದೆ. ಅವತ್ತ ಮೊದಲನೇ ಸಲ ತಂಡದವರ ಮುಂದ ಅದನ್ನ ಬಾಯಿ ಬಿಟ್ಟು ಹೇಳಿದ್ದು. ಎಲ್ಲಾರೂ ಸುಮ್ನಾದ್ರು, ಒಬ್ಬ ಹುಡುಗ ಎದ್ದು ಬಂದು ನನ್ನ ಕೈ ಹಿಡಕೊಂಡು ಬಾಜೂಕ ಕುಂತ.

ಯಾರು ಸೇರಬೇಕು ಅಂದ್ರ, ಡಾಕ್ಟ್ರು ಸಿಸ್ಟರ್ ಅಷ್ಟ ಅಲ್ಲ, ಗಾಡಿ ಹೊಡ್ಯಾವ್ರು, ಅಕ್ಷರ ಚಂದ ಬರಿಯಾವ್ರು, ಕನ್ನಡ, ಉರ್ದು, ಲಂಬಾಣಿ ಮಾತಾಡಾಕ ಬರಾವ್ರು ಭಾಳ ಬೇಕು. ಫೋಟೋ ತಗೊಂಡು ಸ್ಟೇಟಸ್ ಹಾಕೋ ಮನಸಿದ್ದವರು ಬರಬ್ಯಾಡ್ರಿ, ರೋಗಿಗಳ ಫೋಟೋ ತಗದ್ರ ನಮ್ಮ ಕಡೆ ಅವತ್ತ ಮನಿಗೆ ಕಳಸ್ತಾರ. ಮೆಡಿಕಲ್ ಹಿನ್ನೆಲಿ ಇಲ್ಲದ ಹುಡುಗ್ರಿಗೆ ಸರ್ಕಾರದ ಆಪದಾ ಮಿತ್ರ ಯೋಜನಾದಾಗ 12 ದಿನದ ಟ್ರೇನಿಂಗ್ ಕೊಡ್ತಿದ್ರು, 18ರಿಂದ 40 ವಯಸ್ಸಿನವರಿಗೆ, ಈಗ ಏನೈತಿ ಅನ್ನೂದನ್ನ ಡಿಸಿ ಆಫೀಸಿನ ವಿಪತ್ತು ನಿರ್ವಹಣಾ ವಿಭಾಗದಾಗ ಕೇಳ್ರಿ. ರೆಡ್ ಕ್ರಾಸ್ ಜಿಲ್ಲಾ ಶಾಖೆನೂ ವಿಚಾರ ಮಾಡಬಹುದು. ಎಲ್ಲಿ ಸೇರಿದ್ರೂ ಮೊದ್ಲ ಎರಡು ಮಾತು ಕೇಳ್ರಿ, ಕೊಟ್ಟಿದ್ದು ಎಲ್ಲಿ ಬರಿತೀರಿ, ಹೊಂಟಾಗ ಯಾರಿಗೆ ಒಪ್ಪಸ್ತೀರಿ.

ನನ್ನ ಲೆಕ್ಕದಾಗ 5ಕ್ಕ 4. ಒಂದು ಕಟ್ ಮಾಡಿದ್ದು ವಿಮಾಕ್ಕ ಮತ್ತ ಹೆಣ್ಮಕ್ಕಳ ವ್ಯವಸ್ಥಾಕ್ಕ, ಅವೆರಡು ಸರಿ ಆದ ದಿನ ನಾನ ಬಂದು 5 ಮಾಡ್ತೇನಿ.

ಮುಂದಿನ ರವಿವಾರ ಮಳಿಗಾಲದ ಮುಂಚಿನ ಟ್ರಂಕ್ ತಪಾಸಣೆ ಐತಿ, ಎಕ್ಸ್‌ಪೈರಿ ಹತ್ರ ಬಂದಿದ್ದನ್ನೆಲ್ಲಾ ತಗದು ಹೊಸಾದು ತುಂಬೂದು, ದಿನಾ ಪೂರ್ತಿ ಹಿಡೀತೈತಿ. ನೋಡಾಕ ಬರೋವ್ರು ನನ್ನ ಅಂಗಡಿಗೆ ಬಂದು ಹೆಸರು ಹೇಳಿ ಹೋಗ್ರಿ, ಗದಗ ಹೊಸ ಬಸ್ ಸ್ಟ್ಯಾಂಡಿನಿಂದ ಮುಂಜಾನೆ 7ಕ್ಕ ಕೂಡೇ ಹೋಗೋಣು. ಊಟದ ಡಬ್ಬಿ ನಿಮ್ಮದ ತರ್ರಿ.